ಬೇಸಿಗೆಯ ದಾರಿ ಮತ್ತು ಅರವಟ್ಟಿಗೆ: ದೊಡ್ಡನೆಕ್ಕುಂದಿ ಸೀಮೆಯ ಕಾಲ್ನಡಿಗೆಯ ಚರಿತ್ರೆ

ಉತ್ತರಕ್ಕೆ ಹಳೆಯ ಮದರಾಸು ರಸ್ತೆ, ದಕ್ಷಿಣಕ್ಕೆ ಮಾರತ್ತಹಳ್ಳಿಯಿಂದ ವರ್ತೂರಿನತ್ತ ಸಾಗುವ ರಸ್ತೆ, ಇವೆರಡರ ನಡುವೆ ಇರುವ ದೊಡ್ಡನೆಕ್ಕುಂದಿಯು ಇಂದು ಹೊರವರ್ತುಲ ರಸ್ತೆ, ಕೈಗಾರಿಕಾ ಪ್ರದೇಶ ಮತ್ತು ಸಾಫ್ಟ್‌ವೇರ್ ಕಂಪನಿಗಳಿಂದ ಗುರುತಿಸಿಕೊಳ್ಳುತ್ತಿದ್ದರೂ, ಈ ಸೀಮೆಯ ಚರಿತ್ರೆಯ ಬಹುಪಾಲು ಕೆರೆ, ಹೊಲ ಮತ್ತು ಕಾಲುದಾರಿಗಳದ್ದಾಗಿದೆ. ಸಂತೆಗೆ, ಜಾತ್ರೆಗೆ, ಕರಗಕ್ಕೆ, ಮದುವೆಯ ದಿಬ್ಬಣಕ್ಕೆ ಗುಂಪುಗೂಡಿ ನಡೆದು ಹೋಗುವುದು ಮೋಟಾರು ಬರುವವರೆಗೂ ಇಲ್ಲಿನವರಿಗೆ ಅನಿವಾರ್ಯವಾಗಿತ್ತು. ಸುಗ್ಗಿ ಮುಗಿದು ಮುಂಗಾರು ಹಿಡಿಯುವವರೆಗಿನ ಬಿಡುವಿನ ಕಾಲವೇ ಜಾತ್ರೆಗಳ ಕಾಲವೂ ಆಗಿದ್ದುದರಿಂದ, ಜನ ಹೆಚ್ಚು ನಡೆಯುತ್ತಿದ್ದುದು ಬಿಸಿಲು ಹೆಚ್ಚಿರುವ ತಿಂಗಳುಗಳಲ್ಲಿಯೇ. ನಡೆಯುವವನು ಹೆಗಲಿಗೆ ತೂಗುಹಾಕಿಕೊಂಡ ಸೋರೆಬುರುಡೆಯ ನೀರು ಅವನನ್ನು ಒಂದೆರಡು ಹರದಾರಿಯವರೆಗೆ ಕಾಯಬಲ್ಲುದಾಗಿತ್ತು. ಅದರಾಚೆಗೆ ಅವನನ್ನು ಕಾಯುತ್ತಿದ್ದುದು ದಾರಿಯೇ. ಎಂದರೆ ದಾರಿಯುದ್ದಕ್ಕೂ ಅನ್ಯರು ಏರ್ಪಡಿಸಿದ್ದ ನೀರು, ನೆರಳು ಮತ್ತು ನಿಲುಗಡೆ. ಈ ಏರ್ಪಾಡು ಹೇಗೆ ಕಟ್ಟಲ್ಪಟ್ಟಿತು, ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು, ಯಾವ ಕಾರಣಗಳಿಂದ ಕಳಚಿತು ಎಂಬುದು ಇಲ್ಲಿಯ ವಿಷಯ.

ಮೊದಲಿಗೆ ಈ ಸೀಮೆಯ ಬಿಸಿಲಿನ ಸ್ವಭಾವವನ್ನು ಗಮನಿಸಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಪ್ರಸ್ಥಭೂಮಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನವು ಕಲಬುರಗಿ, ರಾಯಚೂರುಗಳ ಉರಿಯನ್ನು ಮುಟ್ಟುವುದಿಲ್ಲ. 2016ರ ಏಪ್ರಿಲ್‌ನಲ್ಲಿ ದಾಖಲಾದ 39.2 ಡಿಗ್ರಿ ಸೆಲ್ಸಿಯಸ್ ಇಲ್ಲಿ ಅಪರೂಪದ ಉಷ್ಣತೆ. ಆದರೆ ಒಣಹವೆಯಲ್ಲಿ ಬೆವರು ಮೈಮೇಲೆ ನಿಲ್ಲದೆ ಆರಿಹೋಗುವುದರಿಂದ, ಎಷ್ಟು ನೀರು ಮೈಯಿಂದ ಹೋಯಿತೆಂಬುದು ನಡೆಯುವವನಿಗೇ ತಿಳಿಯುವುದಿಲ್ಲ. ಕರಾವಳಿಯಲ್ಲಿ ಅಂಗಿ ತೊಯ್ದು ಎಚ್ಚರಿಸುವಂತೆ ಇಲ್ಲಿ ಏನೂ ಎಚ್ಚರಿಸುವುದಿಲ್ಲ. ಜೊತೆಗೆ ಈ ಪ್ರಸ್ಥಭೂಮಿಗೆ ಬೇಸಿಗೆಯಲ್ಲಿ ತುಂಬಿ ಹರಿಯುವ ನದಿಯೂ ಇಲ್ಲ. ಇಲ್ಲಿನ ನೀರೆಲ್ಲ ಮಳೆಗಾಲದಲ್ಲಿ ತಡೆದು ನಿಲ್ಲಿಸಿದ ನೀರು.

ಹಾಗೆ ತಡೆದು ನಿಲ್ಲಿಸುವ ಕೆಲಸ ಬಹಳ ಹಳೆಯದು. ದೊಡ್ಡನೆಕ್ಕುಂದಿಯ ನೈರುತ್ಯಕ್ಕೆ ಕೆಲವೇ ಕಿಲೋಮೀಟರ್ ದೂರದ ಅಗರದಲ್ಲಿರುವ, ಗಂಗರ ಕಾಲದ 9ನೇ ಶತಮಾನದ ಶಾಸನವೊಂದು ಎರಡು ಕೆರೆಗಳಿಗೆ ತೂಬು ಇಡಿಸಿ ಮೂರನೆಯ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನೂ, ಅದಕ್ಕಾಗಿ ನೀಡಿದ ಬಿತ್ತುವಟ್ಟವನ್ನೂ, ಅಂದರೆ ಕೆರೆ ಕಟ್ಟಿಸಿದವರಿಗೆ ಅಥವಾ ಕೆರೆಯ ನಿರ್ವಹಣೆಗೆ ಬಿಟ್ಟುಕೊಡುತ್ತಿದ್ದ ಭೂಮಿಯ ಹಕ್ಕನ್ನೂ ತಿಳಿಸುತ್ತದೆ. ದೊಡ್ಡನೆಕ್ಕುಂದಿ ಕೆರೆ, ಚಿನ್ನಪ್ಪನಹಳ್ಳಿ ಕೆರೆ, ಕುಂದಲಹಳ್ಳಿ ಕೆರೆ, ವಿಭೂತಿಪುರದ ಕೆರೆ, ಬೆಳ್ಳಂದೂರು, ವರ್ತೂರು ಎಂದು ಒತ್ತೊತ್ತಾಗಿ ಹಬ್ಬಿದ ಈ ಕೆರೆಗಳು ಬೇಸಾಯಕ್ಕೆಂದು ಕಟ್ಟಿದವುಗಳಾದರೂ, ಅವುಗಳ ಏರಿಗಳೇ ಊರಿಂದೂರಿಗೆ ಹೋಗುವ ಕಾಲುದಾರಿಗಳಾಗಿದ್ದುವು; ಏರಿಯ ಮೇಲಿನ ನಡಿಗೆಗೆ ಒಂದು ಬದಿಯಿಂದ ತಂಪುಗಾಳಿ, ಇನ್ನೊಂದು ಬದಿಯಿಂದ ಗದ್ದೆ ತೋಟಗಳ ನೆರಳು ದೊರೆಯುತ್ತಿತ್ತು. ಚೈತ್ರ ವೈಶಾಖಗಳಲ್ಲಿ ಸಣ್ಣ ಕೆರೆಗಳು ಬತ್ತಿದರೂ ಅವುಗಳ ಕೆಳಗಿನ ಬಾವಿಗಳಲ್ಲಿ ಒರತೆ ಉಳಿಯುತ್ತಿತ್ತು. ಕುಡಿಯುವ ನೀರಿಗೆ ದಾರಿಹೋಕರು ನೆಚ್ಚಿಕೊಂಡಿದ್ದುದು ಈ ಬಾವಿ ಕಲ್ಯಾಣಿಗಳನ್ನೇ. ಬೆಂಗಳೂರು, ಕೋಲಾರ ಜಿಲ್ಲೆಗಳ ಹಳ್ಳಿಗಳಲ್ಲಿ ಊರೊಟ್ಟಿಗೆ ಸೇರಿದ ಗುಂಡುತೋಪು ಎಂಬ ಮರಗಳ ತೋಪು, ಮಾವು ಹುಣಸೆ ಹೊಂಗೆ ಹಲಸುಗಳ ದಟ್ಟ ನೆರಳು, ನಡುಹಗಲು ಗಾಡಿ ಬಿಟ್ಟು ಎತ್ತುಗಳಿಗೆ ನೀರು ಕುಡಿಸಿ ಒರಗುವ ಜಾಗವಾಗಿತ್ತು. ಕಂದಾಯದ ದಾಖಲೆಗಳಲ್ಲಿ ಗುಂಡುತೋಪುಗಳು ಸರ್ಕಾರಿ ಜಮೀನಾಗಿ ಇಂದಿಗೂ ನಮೂದಾಗಿವೆ. ನೆಲದ ಮೇಲೆ ಅವುಗಳನ್ನು ಹುಡುಕುವುದು ಬೇರೆ ಮಾತು.

ಬಾವಿಯಿಂದ ಬಾವಿಗೆ ದೂರ ಹೆಚ್ಚಿರುವಲ್ಲಿ ಅಥವಾ ಜನಸಂಚಾರ ಹೆಚ್ಚಿರುವಲ್ಲಿ ಬೇಸಿಗೆಗೆಂದೇ ಏರ್ಪಡಿಸುತ್ತಿದ್ದ ನೀರಿನ ಚಪ್ಪರವೇ ಅರವಟ್ಟಿಗೆ. ಸಂಸ್ಕೃತದಲ್ಲಿ ಇದನ್ನು ಪ್ರಪಾ ಎನ್ನುತ್ತಾರೆ. ದೇವಾಲಯ, ಸತ್ರ, ಕೆರೆಗಳ ಸಾಲಿನಲ್ಲಿಯೇ ಅರವಟ್ಟಿಗೆಯನ್ನೂ ಪುಣ್ಯಕಾರ್ಯವೆಂದು ಎಣಿಸಿ, ಅದಕ್ಕೆ ಭೂಮಿ ಅಥವಾ ಸುಂಕದ ಪಾಲನ್ನು ಬಿಟ್ಟ ದಾನಗಳು ಕರ್ನಾಟಕದ ಮಧ್ಯಕಾಲೀನ ಶಾಸನಗಳಲ್ಲಿ ದೊರೆಯುತ್ತವೆ. ಇದರ ಕಾರಣ ಸರಳವಾಗಿದೆ. ಚಪ್ಪರ ಹಾಕಿ ಮಡಕೆ ಇಡುವುದು ಒಂದು ದಿನದ ಕೆಲಸ. ಆದರೆ ಹೋಳಿ ಹುಣ್ಣಿಮೆಯ ಹೊತ್ತಿಗೆ ಶುರುಮಾಡಿ ಮಳೆ ಹಿಡಿಯುವವರೆಗೆ ದಿನವೂ ನೀರು ಸೇದಿ, ಹೊತ್ತು ತಂದು, ಮಡಕೆ ತೊಳೆದು, ಸೋಸಿ ತುಂಬಿ, ಬೆಳಗಿನಿಂದ ಸಂಜೆಯವರೆಗೆ ಕುಳಿತು ಹೊಯ್ಯುವ ಒಬ್ಬ ಮನುಷ್ಯನ ಹೊಟ್ಟೆಪಾಡು ನಡೆಯಬೇಕು. ಶಾಸನಗಳ ದಾನವು ಮಡಕೆಗಿಂತ ಹೆಚ್ಚಾಗಿ ಈ ಮನುಷ್ಯನ ಜೀವನಕ್ಕೆ ಸಂಬಂಧಿಸಿದ್ದು. ಶಾತವಾಹನ ಅರಸ ಹಾಲನ ಹೆಸರಿನಲ್ಲಿರುವ ಪ್ರಾಕೃತ ಸಂಕಲನ ಗಾಥಾಸಪ್ತಶತಿಯಲ್ಲಿ ದಾರಿಹೋಕನ ಬೊಗಸೆಗೆ ನೀರೆರೆಯುವ ಹೆಂಗಸಿನ ಚಿತ್ರ ಬರುವುದರಿಂದ, ಈ ಕೆಲಸದಲ್ಲಿ ಹೆಂಗಸರೂ ಇದ್ದರೆಂದು, ಪಾತ್ರೆಗೆ ಬಾಯಿಡದೆ ಬೊಗಸೆಯಲ್ಲಿ ಕುಡಿಯುವ ಪದ್ಧತಿ ಬಹಳ ಹಳೆಯದೆಂದು ಹೇಳಬಹುದು.

ಅರವಟ್ಟಿಗೆಯ ಸಾಮಗ್ರಿ ಹೆಚ್ಚಿನದೇನಲ್ಲ. ಮರದ ಬುಡದಲ್ಲಿ ನಾಲ್ಕು ಕಂಬ ನೆಟ್ಟು, ತೆಂಗಿನ ಗರಿ ಹೊದಿಸಿ, ನೆಲಕ್ಕೆ ಮರಳು ಹರಡಿ, ಆ ಮರಳನ್ನು ನೆನೆಸಿ ಅದರಲ್ಲಿ ಗುಡಾಣಗಳನ್ನು ಅರ್ಧ ಹೂತಿಡುತ್ತಿದ್ದರು. ಮಡಕೆಯ ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಳ್ಳುವುದರಿಂದ ಒಣಹವೆಯ ಈ ಸೀಮೆಯಲ್ಲಿ ನೀರು ಚೆನ್ನಾಗಿ ತಣಿಯುತ್ತದೆ. ಉಳ್ಳವರ ಅರವಟ್ಟಿಗೆಯಾದರೆ ನೀರಿಗೆ ಲಾವಂಚದ ಬೇರು ಬೀಳುತ್ತಿತ್ತು. ನೀರಿನ ಬಗೆಗಿನ ಈ ಕಾಳಜಿ ಅರಮನೆಯಲ್ಲಿ ಶಾಸ್ತ್ರದ ರೂಪವನ್ನೇ ತಾಳಿತ್ತು: ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೇ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ನೀರಿನ ಮೂಲಗಳು, ಅದನ್ನು ಶುದ್ಧಗೊಳಿಸಿ ಸುಗಂಧಗೊಳಿಸುವ ಬಗೆಗಳಿಗೆ ಪಾನೀಯಭೋಗವೆಂಬ ಪ್ರಕರಣವೇ ಮೀಸಲಾಗಿದೆ, ಅದಕ್ಕೂ ಒಂದು ಶತಮಾನ ಹಿಂದೆ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ ಲೋಕೋಪಕಾರವು ನೆಲದಡಿಯ ನೀರನ್ನು ಗುರುತಿಸುವ ವಿದ್ಯೆಯನ್ನು ಸಾಮಾನ್ಯ ಗೃಹಸ್ಥನಿಗೂ ಬೇಕಾದ ತಿಳಿವಳಿಕೆಯೆಂದು ಸೇರಿಸಿಕೊಂಡಿದೆ. 16ನೇ ಶತಮಾನದ ಆರಂಭದ ಮಂಗರಸನ ಸೂಪಶಾಸ್ತ್ರದಲ್ಲಿ ಪಾನಕಗಳಿಗೇ ಒಂದು ಅಧ್ಯಾಯವಿದೆ.

ಆದರೆ ಅರವಟ್ಟಿಗೆಯನ್ನು ಬರಿಯ ಕರುಣೆಯ ಸಂಸ್ಥೆಯೆಂದು ವರ್ಣಿಸುವುದು ಅರ್ಧ ಚರಿತ್ರೆಯಾಗುತ್ತದೆ. ಎಲ್ಲ ಜಾತಿಯವರೂ ಕುಡಿಯಬಹುದಾದ ನೀರನ್ನು ‘ಮೇಲಿನ’ ಜಾತಿಯವನೇ ಎರೆಯಬೇಕೆಂಬ ನಿಯಮ ಸಾಮಾನ್ಯವಾಗಿದ್ದು, ದಲಿತರಿಗೆ ದೂರದಿಂದ, ಎತ್ತರದಿಂದ, ಕೆಲವೆಡೆ ಬಿದಿರಿನ ಅಥವಾ ಮರದ ದೋಣಿಯ ಮೂಲಕ ನೀರು ಹರಿಸಲಾಗುತ್ತಿತ್ತು. ಊರ ಬಾವಿ, ಕಲ್ಯಾಣಿಗಳ ಮೆಟ್ಟಿಲು ಅವರಿಗೆ ಮುಚ್ಚಿದ್ದುವು. ಎರೆಯುವವನು ಇಲ್ಲದ ಹೊತ್ತಿನಲ್ಲಿ ತುಂಬಿದ ಬಾವಿಯ ಪಕ್ಕದಲ್ಲೇ ಒಬ್ಬ ದಾರಿಹೋಕ ಬಾಯಾರಿ ನಿಲ್ಲಬೇಕಾದ ಸ್ಥಿತಿ ಬಿಸಿಲಿನ ದೃಷ್ಟಿಯಿಂದಲೂ ಜೀವಕ್ಕೆ ಅಪಾಯ ತರುವಂಥದು. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರ ನೇತೃತ್ವದಲ್ಲಿ ಮಹಾಡದ ಚವದಾರ್ ಕೆರೆಯವರೆಗೆ ಸಾವಿರಾರು ಜನ ಮೆರವಣಿಗೆಯಲ್ಲಿ ನಡೆದು ಹೋಗಿ ನೀರು ಮುಟ್ಟಿದ ಘಟನೆಯನ್ನು ನಾಗರಿಕ ಹಕ್ಕಿನ ಚರಿತ್ರೆಯಲ್ಲಿ ಓದುವುದು ವಾಡಿಕೆ. ದಾರಿಯ ನೀರಿನ ಚರಿತ್ರೆಯಲ್ಲೂ ಅದಕ್ಕೆ ಅಷ್ಟೇ ದೊಡ್ಡ ಸ್ಥಾನವಿದೆ.

ಅರವಟ್ಟಿಗೆಗಳಲ್ಲಿ, ರಾಮನವಮಿಯ ಪೆಂಡಾಲುಗಳಲ್ಲಿ, ಕರಗ ಹಾದುಹೋಗುವ ಬೀದಿಗಳಲ್ಲಿ ಕೊಡುತ್ತ ಬಂದಿರುವ ಪದಾರ್ಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ಆಯ್ಕೆಯಲ್ಲಿ ಒಂದು ತರ್ಕ ಕಾಣುತ್ತದೆ. ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿಯ ಪಾನಕ. ಉಪ್ಪು, ಹಸಿಮೆಣಸು, ಕರಿಬೇವು, ಇಂಗು ಬೆರೆತ ನೀರುಮಜ್ಜಿಗೆ. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ ಸೇರಿಸಿದ ಕೋಸಂಬರಿ. ಏನೂ ಇಲ್ಲದಿದ್ದರೆ ನೀರಿನ ಜೊತೆಗೆ ಒಂದು ತುಂಡು ಬೆಲ್ಲ. ಇವೆಲ್ಲವೂ ನೀರಿನೊಡನೆ ಉಪ್ಪನ್ನೋ ಸಿಹಿಯನ್ನೋ ಒಳಗೆ ಕಳಿಸುತ್ತವೆ. ಬೆವರಿನಲ್ಲಿ ನೀರಿನ ಜೊತೆ ಸೋಡಿಯಂ ಕೂಡ ಹೋಗುತ್ತದೆ. ಸಣ್ಣ ಕರುಳಿನಲ್ಲಿ ಸಕ್ಕರೆಯ ಅಂಶ ಮತ್ತು ಸೋಡಿಯಂ ಜೊತೆಯಾಗಿದ್ದಾಗ ನೀರು ಬೇಗ ಹೀರಲ್ಪಡುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಕಾಲರಾ ರೋಗಿಗಳಿಗೆ ಉಪ್ಪು ಸಕ್ಕರೆಯ ದ್ರಾವಣವನ್ನು ಕುಡಿಸಿ ಸಾವಿರಾರು ಜನರನ್ನು ಉಳಿಸಿದ್ದು ಇದೇ ತತ್ತ್ವದಿಂದ. ಮನೆಯಲ್ಲಿ ಮಾಡಿಕೊಳ್ಳುವುದಾದರೆ 1 ಲೀಟರ್ ಶುದ್ಧ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಚಮಚವೆಂದರೆ ಚಹಾ ಚಮಚ) ಎಂಬ ಅಳತೆ ಆ ಬಳಿಕ ಮನೆಮಾತಾಯಿತು. ಹಾಗೆಂದು ಪಾನಕವನ್ನು ಕಂಡುಹಿಡಿದವರಿಗೆ ಕರುಳಿನ ಈ ವ್ಯವಹಾರ ಗೊತ್ತಿತ್ತೆಂದು ಹೇಳುವ ಈಗಿನ ಚಾಳಿಗೆ ಆಧಾರವಿಲ್ಲ. ಪಾನಕದ ಸಿಹಿ ಔಷಧದ ಅಳತೆಗಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ, ಅದು ಬಾಯಿಯ ರುಚಿಗೆ ತಕ್ಕ ಅಳತೆ. ಬರಿಯ ನೀರನ್ನೇ ಅತಿಯಾಗಿ ಕುಡಿಯುವುದರ ಅಪಾಯವನ್ನಂತೂ ಆಧುನಿಕ ವೈದ್ಯಶಾಸ್ತ್ರವೇ ತಡವಾಗಿ ಗುರುತಿಸಿತು: 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷೆಗೆ ಒಳಗಾದ ಓಟಗಾರರಲ್ಲಿ ಶೇ. 13ರಷ್ಟು ಜನರ ರಕ್ತದಲ್ಲಿ ಸೋಡಿಯಂ ಪ್ರಮಾಣ ಇರಬೇಕಾದುದಕ್ಕಿಂತ ಕೆಳಗಿಳಿದಿತ್ತು. ಬಾಯಾರಿಕೆಗೆ ತಕ್ಕಷ್ಟು ಕುಡಿ, ನಡುನಡುವೆ ಉಪ್ಪು ಬಿದ್ದ ಏನನ್ನಾದರೂ ತಿನ್ನು ಎಂಬ ಈಗಿನ ಸಲಹೆ ಮಜ್ಜಿಗೆ ಕೋಸಂಬರಿಯ ಪದ್ಧತಿಗೆ ದೂರವಲ್ಲ.

ನೀರಿನಷ್ಟೇ ಮುಖ್ಯವಾದುದು ಹೊತ್ತು. ಬೆಂಗಳೂರಿನ ಧರ್ಮರಾಯಸ್ವಾಮಿ ದೇವಾಲಯದ ಕರಗವು ಚೈತ್ರ ಹುಣ್ಣಿಮೆಯ ರಾತ್ರಿ ಹೊರಟು ಬೆಳಗಿನವರೆಗೆ ಪೇಟೆಯ ಬೀದಿಗಳನ್ನು ಸುತ್ತುತ್ತದೆ. ತಿಗಳ ಸಮುದಾಯದವರು ನಡೆಸುವ ಈ ಉತ್ಸವವು ಹೊಸಕೋಟೆ, ಆನೇಕಲ್ ಮುಂತಾದೆಡೆಗಳಲ್ಲೂ ನಡೆಯುತ್ತದೆ. ಕರಗದ ರಾತ್ರಿಗೆ ಧಾರ್ಮಿಕ ಕಾರಣಗಳಿವೆಯೆಂಬುದು ನಿಜವಾದರೂ, ಹಳ್ಳಿಗಳಿಂದ ನಡೆದು ಬರುವವರು ಹೊತ್ತು ಇಳಿದ ಮೇಲೆ ಹೊರಟು ತಿಂಗಳ ಬೆಳಕಿನಲ್ಲಿ ಪೇಟೆ ಸೇರಿ, ಮರುದಿನ ಬಿಸಿಲೇರುವ ಮುನ್ನ ಹಿಂದಿರುಗುವುದಕ್ಕೆ ಅದು ಅನುಕೂಲ ಮಾಡಿಕೊಟ್ಟಿತು ಎಂಬುದನ್ನೂ ಕಡೆಗಣಿಸಲಾಗದು.

ಈ ಹಳೆಯ ಶಿಸ್ತು ಇಂದಿಗೂ ದೊಡ್ಡ ಪ್ರಮಾಣದಲ್ಲಿ ಜೀವಂತವಾಗಿರುವುದು ಉತ್ತರ ಕರ್ನಾಟಕದ ಶ್ರೀಶೈಲ ಪಾದಯಾತ್ರೆಯಲ್ಲಿ. ಯುಗಾದಿಯ ಉತ್ಸವಕ್ಕೆಂದು ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಜಿಲ್ಲೆಗಳ ಭಕ್ತರು ಮಲ್ಲಯ್ಯನ ಕಂಬಿಯನ್ನು, ಎಂದರೆ ಹೆಗಲ ಮೇಲೆ ಹೊರುವ ಅಲಂಕರಿಸಿದ ಅಡ್ಡೆಯನ್ನು, ಮುಂದಿಟ್ಟುಕೊಂಡು ನೂರಾರು ಕಿಲೋಮೀಟರ್ ನಡೆದು, ಆತ್ಮಕೂರಿನ ಬಳಿ ನಲ್ಲಮಲ ಕಾಡನ್ನು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನುಗಳ ಮೇಲೆ ಹಾದು ಕೈಲಾಸದ್ವಾರವನ್ನು ಏರುತ್ತಾರೆ. ಆ ತಿಂಗಳಲ್ಲಿ ಆ ಕಾಡು ಎಲೆಯುದುರಿ ನಿಂತಿರುತ್ತದೆ, ಮರಗಳಿದ್ದರೂ ನೆರಳಿಲ್ಲ. ಆದುದರಿಂದ ನಸುಕಿಗೆ ಮುನ್ನ ಎದ್ದು ನಡೆದು, ಬಿಸಿಲು ನೆತ್ತಿಗೆ ಬಂದಾಗ ಊರ ಗುಡಿಯಲ್ಲೋ ಹಳ್ಳದ ಮಗ್ಗುಲಲ್ಲೋ ತಂಗಿ, ಸಂಜೆ ಮತ್ತೆ ಹೊರಟು ರಾತ್ರಿಯವರೆಗೆ ನಡೆಯುವ ಕ್ರಮ ಬೆಳೆದಿದೆ. ದಾರಿಯ ಊರುಗಳವರು ನೀರು, ಮಜ್ಜಿಗೆ, ಕಲ್ಲಂಗಡಿ, ದಾಸೋಹದ ಊಟಗಳನ್ನಿಟ್ಟುಕೊಂಡು ಕಾಯುತ್ತಾರೆ. ಕಾಲು ಬೊಬ್ಬೆಯೆದ್ದವರಿಗೆ ಎಣ್ಣೆ ಹಚ್ಚಿ ತಿಕ್ಕುವವರೂ ಅಲ್ಲಿ ಇರುತ್ತಾರೆ. ಗುಂಪಿನ ಉಪಯೋಗ ಬರಿಯ ಸಂಗಡಕ್ಕೆ ಸೀಮಿತವಲ್ಲ. ಬಿಸಿಲು ಬಡಿದವನ ಮೈಯುಷ್ಣ 40 ಡಿಗ್ರಿ ದಾಟಿದಾಗ ಮೊದಲು ಕೆಡುವುದು ಬುದ್ಧಿ. ಮಾತು ತೊದಲಿ ನಡಿಗೆ ಓಲಾಡಿದರೂ ತನಗೇನೂ ಆಗಿಲ್ಲವೆಂದೇ ಅವನು ಹೇಳುತ್ತಾನೆ. ಅದನ್ನು ಕಂಡುಹಿಡಿಯಬಲ್ಲವರು ಪಕ್ಕದಲ್ಲಿ ನಡೆಯುವವರು ಮಾತ್ರ. ಅಂಥವನನ್ನು ನೆರಳಿಗೆಳೆದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕೇ ಹೊರತು, ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹೊಯ್ಯಬಾರದು.

ದೊಡ್ಡನೆಕ್ಕುಂದಿಯ ಸುತ್ತಲಿನ ದಾರಿಗಳಲ್ಲಿ ಈ ಏರ್ಪಾಡು ಒಂದೇ ಏಟಿಗೆ ಅಳಿಯಲಿಲ್ಲ. ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ (1834–61) ಮೈಸೂರು ಸಂಸ್ಥಾನದ ರಸ್ತೆಗಳು ವಿಸ್ತರಿಸಿದುವು, ಹೆದ್ದಾರಿಗಳ ಬದಿಗೆ ಸಾಲುಮರಗಳು ಬಂದುವು. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಹಾಕಿದ ಮೇಲೆ ದೂರದ ನಡಿಗೆ ಕಡಿಮೆಯಾಗಿ, ಪ್ರಯಾಣಿಕರ ತಂಗುವಿಕೆ ದಾರಿಯಿಂದ ನಿಲ್ದಾಣದ ಬಳಿಗೆ ಸರಿಯಿತು. 1903ರಲ್ಲಿ ಗುಬ್ಬಿ ತೋಟದಪ್ಪನವರ ಛತ್ರ ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೇ ತೆರೆದುದು ಈ ಸ್ಥಳಾಂತರದ ಸ್ಪಷ್ಟ ಗುರುತು. ಮುಂದೆ ಮೈಸೂರು ರಾಜ್ಯವು 1954 ಮತ್ತು 1955ರಲ್ಲಿ ಇನಾಂ ರದ್ದತಿ ಕಾಯಿದೆಗಳನ್ನು ತಂದಿತು. ಎರಡನೆಯ ಕಾಯಿದೆ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳಿಗೆ, ಅಂದರೆ ಗುಡಿ, ಛತ್ರ ಮೊದಲಾದ ಸೇವೆಗಳಿಗೆ ಬಿಟ್ಟ ಭೂಮಿಗೆ ಸಂಬಂಧಿಸಿದ್ದು. ಉಳುವವನಿಗೆ ನ್ಯಾಯ ಒದಗಿಸಲು ಈ ಕಾಯಿದೆಗಳು ಅಗತ್ಯವಾಗಿದ್ದುವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಭೂಮಿಯ ಆದಾಯದಿಂದ ನಡೆಯುತ್ತಿದ್ದ ಧರ್ಮಕಾರ್ಯಗಳು ಇದರಿಂದ ವರ್ಷ ವರ್ಷವೂ ಕೈನೀಡಿ ಕೇಳುವ ಚಂದಾ ಕಾರ್ಯಗಳಾದುವು. ನೀರು ಹೊಯ್ಯುವವನ ಹೊಟ್ಟೆಪಾಡಿಗೆ ಗ್ಯಾರಂಟಿ ಉಳಿಯಲಿಲ್ಲ.

ಆರೋಗ್ಯದ ಕಾರಣಗಳೂ ಸೇರಿದುವು. ಜಾತ್ರೆಯ ದಾರಿಗಳಲ್ಲಿ ಕಾಲರಾ ಹಬ್ಬುತ್ತಿತ್ತು. ಮೆಟ್ಟಿಲಿಳಿದು ಕಾಲು ಅದ್ದಿ ನೀರು ತುಂಬುವ ಬಾವಿಗಳಿಂದ ನಾರುಹುಣ್ಣು, ಅಂದರೆ ಕಾಲಿನಿಂದ ಉದ್ದನೆಯ ಹುಳು ಹೊರಬರುವ ರೋಗ, ಉತ್ತರ ಕರ್ನಾಟಕದಲ್ಲಿ ಬಲವಾಗಿ ಬೇರೂರಿತ್ತು. ಭಾರತದಲ್ಲಿ ಇದರ ಕೊನೆಯ ಪ್ರಕರಣ ವರದಿಯಾದುದು 1996ರಲ್ಲಿ. ಇಂಥ ಬಾವಿಗಳನ್ನು ಬಿಡಿಸಿ ಕೈಪಂಪು, ಕೊಳವೆಬಾವಿಗಳನ್ನು ಕೊಟ್ಟದ್ದು ರೋಗವನ್ನು ಓಡಿಸಿದ ಕ್ರಮಗಳಲ್ಲೊಂದು. ಹಳೆಯ ಬಾವಿಗಳ ಅಳಿವನ್ನು ಬರಿಯ ನಷ್ಟವೆಂದು ಬರೆಯುವವರು ಈ ಹುಳುವನ್ನು ಮರೆತಿರುತ್ತಾರೆ.

1940ರಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆ, ಬಳಿಕ ಮಹದೇವಪುರ ಮತ್ತು ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶಗಳು, 1990ರ ದಶಕದಲ್ಲಿ ವೈಟ್‌ಫೀಲ್ಡ್‌ನ ತಂತ್ರಜ್ಞಾನ ಪಾರ್ಕ್, ಹೊರವರ್ತುಲ ರಸ್ತೆ ಇವುಗಳೊಡನೆ ಈ ಸೀಮೆಯ ದಾರಿಗಳ ಅಗಲ ಹೆಚ್ಚಿತು, ನೆರಳು ತಗ್ಗಿತು. ಬೇಲಿಯೊಳಗೆ ಸೇರಿದ ಕೆರೆಯ ಏರಿ ಊರಿಂದೂರಿಗೆ ಹೋಗುವ ದಾರಿಯಾಗಿ ಉಳಿಯದೆ ಬೆಳಗು ಸಂಜೆಯ ವಾಯುವಿಹಾರದ ಪಥವಾಯಿತು. ಇದೇ ಕಾಲದಲ್ಲಿ ನೀರು ಬಾಟಲಿಯಾಗಿ, 20 ಲೀಟರಿನ ಕ್ಯಾನಾಗಿ, ಟ್ಯಾಂಕರಾಗಿ ಮಾರಾಟಕ್ಕೆ ಬಂದು, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ಬೀದಿಯಲ್ಲಿ ನಿಂತುವು. ಈ ಘಟಕದ ಅಳತೆ ಮನೆಗೆ ಹೊತ್ತೊಯ್ಯುವವನಿಗೆ ಸರಿಹೊಂದುತ್ತದೆ. ಒಂದು ಲೋಟ ನೀರು ಬೇಕಾದ ದಾರಿಹೋಕ ಅದರ ಲೆಕ್ಕದಲ್ಲಿಲ್ಲ.

ಗುಂಪು ನಡಿಗೆ ಮಾತ್ರ ನಿಲ್ಲಲಿಲ್ಲ. ಅದರ ರೂಪ ಬದಲಾಯಿತು. 2008ರಿಂದ ಬೆಂಗಳೂರಿನಲ್ಲಿ ಬೇಸಿಗೆಯಲ್ಲೇ ನಡೆಯುತ್ತಿರುವ 10 ಕಿಲೋಮೀಟರ್ ಓಟ, ಅದರೊಂದಿಗಿನ ನಡಿಗೆ ಇದಕ್ಕೆ ಉದಾಹರಣೆ. 2024ರ ಏಪ್ರಿಲ್ 28ರ ಭಾನುವಾರ ಆ ಓಟ ನಡೆದ ದಿನವೇ ನಗರದ ಉಷ್ಣತೆ 38.5 ಡಿಗ್ರಿಗೆ ಏರಿತು. ನಸುಕಿನಲ್ಲೇ ಓಟ ಶುರುಮಾಡುವ ಕ್ರಮವಿದ್ದುದರಿಂದ ಬಿಸಿಲು ಏರುವ ಹೊತ್ತಿಗೆ ಓಟಗಾರರು ಮನೆ ಸೇರಿದ್ದರು. ಓಟದ ದಾರಿಯಲ್ಲಿ ದೂರ ಅಳೆದು ನೀರಿನ ಮೇಜು ಇಡುವುದು, ವೈದ್ಯರನ್ನು ನಿಲ್ಲಿಸುವುದು ಅರವಟ್ಟಿಗೆಯದೇ ಲೆಕ್ಕಾಚಾರ. ಆದರೆ ಆ ಮೇಜಿನ ನೀರು ನೋಂದಾಯಿಸಿ ಹಣ ಕಟ್ಟಿದವರಿಗೆ. ಏರ್ಪಾಡಿನ ಒಳಗಿರುವವರಿಗೂ ಹೊರಗಿರುವವರಿಗೂ ನಡುವಣ ಈ ಗೆರೆ ಎಷ್ಟು ಕಠೋರವಾಗಬಲ್ಲುದೆಂಬುದು ಅದೇ ವರ್ಷದ ಜೂನ್‌ನಲ್ಲಿ ಮೆಕ್ಕಾದಲ್ಲಿ ಕಾಣಿಸಿತು: ಹಜ್ ಯಾತ್ರೆಯಲ್ಲಿ 1,301 ಜನ ಸತ್ತರೆಂದು, ಅವರಲ್ಲಿ ಶೇ. 83ರಷ್ಟು ಜನ ಅನುಮತಿಯಿಲ್ಲದೆ ಬಂದವರೆಂದು ಸೌದಿ ಸರ್ಕಾರ ಪ್ರಕಟಿಸಿತು. ನೆರಳು ವಸತಿಗಳಿಲ್ಲದೆ ಬಿಸಿಲಲ್ಲಿ ಬಹುದೂರ ನಡೆದವರು ಅವರು.

ಹೊರವರ್ತುಲ ರಸ್ತೆಯ ಬದಿಯಲ್ಲಿ ಏಪ್ರಿಲ್ ತಿಂಗಳ ನಡುಹಗಲು ನಡೆಯುವವರು ಇಂದು ಹೆಚ್ಚಾಗಿ ಕಟ್ಟಡದ ಕೂಲಿಗಳು, ಪೌರಕಾರ್ಮಿಕರು, ಸೆಕ್ಯುರಿಟಿಯವರು, ಮನೆಗೆಲಸಕ್ಕೆ ಹೋಗುವ ಹೆಂಗಸರು. ಅವರಿಗೆಂದು ಬೀದಿ ಬದಿಯಲ್ಲಿ ಮಡಕೆ ಅಥವಾ ಪ್ಲಾಸ್ಟಿಕ್ ಡ್ರಮ್ಮು ಇಡುವ ಅಂಗಡಿಯವರು, ಗುಡಿಯ ಸಮಿತಿಯವರು ಇದ್ದಾರೆ. ರಾಮನವಮಿಗೆ ಪಾನಕ ಮಜ್ಜಿಗೆ ಹಂಚುವವರೂ, ಏಪ್ರಿಲ್ 24ರ ರಾಜ್‌ಕುಮಾರ್ ಜನ್ಮದಿನಕ್ಕೆ ಪೆಂಡಾಲು ಹಾಕುವ ಅಭಿಮಾನಿಗಳೂ ಇದ್ದಾರೆ. ಇವುಗಳಲ್ಲಿ ಬಹುಪಾಲು ಒಂದು ದಿನದ ಅಥವಾ ಒಂದು ವಾರದ ಸೇವೆ. ಮೊದಲ ದಿನ ತುಂಬಿದ ಡ್ರಮ್ಮನ್ನು ಹತ್ತನೆಯ ದಿನ ಯಾರು ತೊಳೆದು ತುಂಬಬೇಕೆಂಬುದು ತೀರ್ಮಾನವಾಗಿರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತದ ಯೋಜನೆ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ನಗರದ ಅಂಚಿನ 110 ಹಳ್ಳಿಗಳಿಗೆಂದು ತರುತ್ತಿದೆ. ಆ ನೀರು ಸಂಪರ್ಕ ಪಡೆದ ಮನೆ, ಅಪಾರ್ಟ್‌ಮೆಂಟು, ಕಂಪನಿಗಳ ಮೀಟರಿಗೆ ಬರುತ್ತದೆ. ಫುಟ್‌ಪಾತಿನ ಮೇಲೊಂದು ನಲ್ಲಿ ಇಡಬೇಕಾದರೆ ಅದರ ಬಿಲ್ಲನ್ನು ಯಾರ ಹೆಸರಿಗೆ ಹಾಕಬೇಕೆಂಬುದು ಮೊದಲು ಗೊತ್ತಾಗಬೇಕು, ಆ ಬಳಿಕ ಅದನ್ನು ನೋಡಿಕೊಳ್ಳುವವನ ಸಂಬಳ.